ಶನಿವಾರದಿಂದ ಮಂಗಳವಾರಕ್ಕೆ

2013ರ ಮೇ 11, ಶನಿವಾರ. ವಿಗನ್ ಅಥ್ಲೆಟಿಕ್ ಎಂಬ ಫುಟ್‌ಬಾಲ್ ತಂಡ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0 ಗೋಲಿನಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಮೇ 14, ಮಂಗಳವಾರ. ಅದೇ ತಂಡ ಅದೇ ಲಂಡನ್ನಿನಲ್ಲಿ ಆರ್ಸೆನಲ್ ಎದುರು 4-1ರಿಂದ ಸೋತು ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ದರ್ಜೆಗೆ ಬಿತ್ತು. 1872ರಲ್ಲಿ ಈ ಕಪ್‌ನ ಮೊದಲ ಫೈನಲ್ ನಡೆದಂದಿನಿಂದ ಆ ಮಂಗಳವಾರದವರೆಗೆ, ಒಂದೇ ಋತುವಿನಲ್ಲಿ ಕಪ್ಪನ್ನೂ ಗೆದ್ದು ಹಿಂಬಡ್ತಿಯನ್ನೂ ಪಡೆದ ತಂಡ ಇನ್ನೊಂದಿರಲಿಲ್ಲ.

ಫುಟ್‌ಬಾಲ್ ನೋಡದ ಗೆಳೆಯರಿಗೆ ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ವಿವರಿಸಲು ನಾನು ಹಾಸ್ಟೆಲಿನ ಮೆಸ್ಸಿನಲ್ಲಿ ಹಲವು ಸಲ ಕೂತಿದ್ದೇನೆ. ಲೀಗ್ ಎಂದರೆ ನಮ್ಮ ಸೆಮಿಸ್ಟರ್ ಪದ್ಧತಿಯ ಹಾಗೆ. ಇಪ್ಪತ್ತು ತಂಡ, ಒಬ್ಬೊಬ್ಬರಿಗೂ ಮೂವತ್ತೆಂಟು ಪಂದ್ಯ, ಆಗಸ್ಟಿನಿಂದ ಮೇವರೆಗೆ. ಒಂದು ದಿನ ಕೆಟ್ಟರೆ ಇನ್ನೊಂದು ದಿನ ಸರಿಮಾಡಿಕೊಳ್ಳಬಹುದು. ಕೊನೆಗೆ ಉಳಿಯುವುದು ಸರಾಸರಿ. ಕಪ್ ಹಾಗಲ್ಲ. ಅದು ನಾಕೌಟ್. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಯಾರಿಗೆ ಯಾರು ಎದುರಾಳಿ ಎನ್ನುವುದನ್ನು ಪ್ರತಿ ಸುತ್ತಿನಲ್ಲೂ ನಂಬರು ಬರೆದ ಚೆಂಡುಗಳನ್ನು ಎತ್ತಿ ತೀರ್ಮಾನಿಸುತ್ತಾರೆ. ಅಲ್ಲಿ ದೊಡ್ಡವರನ್ನು ದೊಡ್ಡವರಿಂದ ದೂರವಿಟ್ಟು ಕಾಪಾಡುವ ಏರ್ಪಾಡಿಲ್ಲ. ಆ ವರ್ಷ ಏಳುನೂರಕ್ಕೂ ಹೆಚ್ಚು ಕ್ಲಬ್‌ಗಳು ಕಪ್‌ಗೆ ಹೆಸರು ಕೊಟ್ಟಿದ್ದವು. ಆಗಸ್ಟಿನಲ್ಲಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಚೆಂಡು ಒದೆಯುವವರ ತಂಡಗಳಿಂದ ಶುರುವಾಗುವ ಈ ಟೂರ್ನಿಗೆ ಪ್ರೀಮಿಯರ್ ಲೀಗ್‌ನವರು ಬಂದು ಸೇರುವುದು ಜನವರಿಯಲ್ಲಿ, ಮೂರನೇ ಸುತ್ತಿಗೆ. ಅಷ್ಟರಲ್ಲಿ ಕೆಳಗಿನವರು ಬೆವರು ಹರಿಸಿ ಎಂಟು ಸುತ್ತು ಮುಗಿಸಿರುತ್ತಾರೆ.

ಆ ಜನವರಿ ಕಪ್‌ಗೆ ಒಳ್ಳೆಯದಾಗಿತ್ತು. 26ನೇ ತಾರೀಖು ಐದನೇ ದರ್ಜೆಯ ಲೂಟನ್ ಟೌನ್, ಪ್ರೀಮಿಯರ್ ಲೀಗ್‌ನ ನಾರ್ವಿಚ್‌ನ್ನು ಅದರ ಅಂಗಳದಲ್ಲೇ 1-0ಯಿಂದ ಸೋಲಿಸಿತು. ಲೀಗ್ ವ್ಯವಸ್ಥೆಯ ಹೊರಗಿನ ತಂಡವೊಂದು ಅಗ್ರ ದರ್ಜೆಯ ತಂಡವನ್ನು ಮಣಿಸಿದ್ದು 1989ರ ನಂತರ ಅದೇ ಮೊದಲು. ಮಾರನೇ ದಿನ ಓಲ್ಡ್‌ಹ್ಯಾಮ್ ಲಿವರ್‌ಪೂಲನ್ನು 3-2ರಿಂದ, ಲೀಡ್ಸ್ ಟಾಟನ್‌ಹ್ಯಾಮ್‌ನ್ನು 2-1ರಿಂದ ಹೊರಗಟ್ಟಿದವು. ಎಲ್ಲರ ಕಣ್ಣೂ ಈ ಗದ್ದಲದ ಮೇಲಿತ್ತು. ವಿಗನ್ ಕಡೆ ಯಾರೂ ನೋಡುತ್ತಿರಲಿಲ್ಲ. ನೋಡುವಂಥದ್ದೂ ಏನಿರಲಿಲ್ಲ ಎನ್ನಿ. ಮೂರನೇ ಸುತ್ತಿನಲ್ಲಿ ಮೂರನೇ ದರ್ಜೆಯ ಬೋರ್ನ್‌ಮತ್ ಎದುರು ಸ್ವಂತ ಊರಿನಲ್ಲಿ 1-1ರ ಡ್ರಾ, ಆಮೇಲೆ ಅವರೂರಿನಲ್ಲಿ ಮರುಪಂದ್ಯ ಆಡಿ 1-0. ನಾಲ್ಕನೇ ಸುತ್ತಿನಲ್ಲಿ ಐದನೇ ದರ್ಜೆಯ ಮ್ಯಾಕಲ್ಸ್‌ಫೀಲ್ಡ್ ಎದುರು ಒಂದು ಪೆನಾಲ್ಟಿಯಿಂದ ಹೇಗೋ ಪಾರು. ಎರಡಕ್ಕೂ ಇಳಿಸಿದ್ದು ಹೆಚ್ಚಾಗಿ ಎರಡನೇ ಸಾಲಿನ ಆಟಗಾರರನ್ನು. ಇಂದು ಕಪ್‌ನಲ್ಲಿ ಮರುಪಂದ್ಯವೇ ಇಲ್ಲ. 2024-25ರಿಂದ ಮೊದಲ ಸುತ್ತಿನಿಂದಲೇ ಅದನ್ನು ಕೈಬಿಟ್ಟರು. ದೊಡ್ಡ ಕ್ಲಬ್‌ಗಳ ಕ್ಯಾಲೆಂಡರ್‌ನಲ್ಲಿ ಜಾಗವಿಲ್ಲವಂತೆ. ಈಗಿನ ನಿಯಮ ಆಗ ಇದ್ದಿದ್ದರೆ ವಿಗನ್‌ನ ಕಥೆ ಜನವರಿ ಮೊದಲ ವಾರದಲ್ಲೇ ಹೆಚ್ಚುವರಿ ಸಮಯಕ್ಕೋ ಪೆನಾಲ್ಟಿ ಒದೆತಕ್ಕೋ ಹೋಗಿ ನಿಲ್ಲುತ್ತಿತ್ತು.

ಲೀಗಿನಲ್ಲಿ ಆ ಹೊತ್ತಿಗೆ ಅವರು ಎಂದಿನಂತೆ ತಳದಲ್ಲಿದ್ದರು. ಎಂದಿನಂತೆ ಎಂದು ಬೇಕೆಂದೇ ಹೇಳಿದೆ. 2005ರಲ್ಲಿ ಮೊದಲ ಬಾರಿಗೆ ಅಗ್ರ ದರ್ಜೆಗೆ ಬಂದ ಮೇಲೆ ಹಲವು ವರ್ಷ ಅವರದು ಇದೇ ಪಾಡು. ಚಳಿಗಾಲವಿಡೀ ಸೋಲುವುದು, ಮಾರ್ಚ್ ಕಳೆದ ಮೇಲೆ ಎದ್ದು ಓಡಿ ಕೂದಲೆಳೆಯಲ್ಲಿ ಉಳಿಯುವುದು. 2009ರಲ್ಲಿ ಟಾಟನ್‌ಹ್ಯಾಮ್ ಎದುರು 9-1ರಿಂದ ಸೋತಾಗ ಊರಿನಿಂದ ಬಂದಿದ್ದ ಅಭಿಮಾನಿಗಳಿಗೆ ಆಟಗಾರರೇ ಟಿಕೆಟ್ ಹಣ ವಾಪಸ್ ಕೊಟ್ಟರು. 2012ರ ವಸಂತದಲ್ಲಿ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಉಳಿದರು. ಆ ಏಳರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಆರ್ಸೆನಲ್ ಮೇಲಿನ ಗೆಲುವುಗಳೂ ಇದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ಹುಡುಗರನ್ನು ನಾವೆಲ್ಲ ನೋಡಿದ್ದೇವೆ. ಅವರು ಪ್ರತಿ ವರ್ಷ ಪಾಸಾಗುತ್ತಾರೆ, ಒಂದು ವರ್ಷದ ಹೊರತು.

ವಿಗನ್ ಹೆಸರು ನನಗೆ ಮೊದಲು ಪರಿಚಯವಾದದ್ದು ಈ ಆಟದಿಂದಲೇ. ಎಂಎ ತರಗತಿಯಲ್ಲಿ ಮೇಡಂ ಒಬ್ಬರು ಜಾರ್ಜ್ ಆರ್ವೆಲ್‌ನ 'ದ ರೋಡ್ ಟು ವಿಗನ್ ಪಿಯರ್' ಹೆಸರೆತ್ತಿದಾಗ ಇಡೀ ತರಗತಿಯಲ್ಲಿ ತಲೆಯಾಡಿಸಿದವಳು ನಾನೊಬ್ಬಳೇ, ಆದರೆ ನನ್ನ ಮನಸ್ಸಿನಲ್ಲಿದ್ದದ್ದು ನೀಲಿ-ಬಿಳಿ ಪಟ್ಟೆಯ ಅಂಗಿ. ಆರ್ವೆಲ್ 1936ರ ಫೆಬ್ರುವರಿಯಲ್ಲಿ ಅಲ್ಲಿ ಹೋಗಿ ಬಾಡಿಗೆ ಕೋಣೆಗಳಲ್ಲಿ ಉಳಿದು, ಕಲ್ಲಿದ್ದಲ ಗಣಿಗೆ ಇಳಿದು, ನಿರುದ್ಯೋಗಿಗಳ ಮನೆಗಳನ್ನು ನೋಡಿ ಬರೆದ. ಪುಸ್ತಕ 1937ರಲ್ಲಿ ಬಂತು. ಪಿಯರ್ ಎಂದರೆ ಸಮುದ್ರತೀರದಲ್ಲಿ ಗಾಳಿ ತೆಗೆದುಕೊಳ್ಳಲು ಓಡಾಡುವ ಉದ್ದ ಕಟ್ಟೆ. ವಿಗನ್‌ಗೆ ಸಮುದ್ರವೇ ಇಲ್ಲ. ಇದ್ದದ್ದು ಕಾಲುವೆ ಪಕ್ಕ ಕಲ್ಲಿದ್ದಲನ್ನು ದೋಣಿಗೆ ಸುರಿಯುವ ಒಂದು ತಾಣ. ಅದನ್ನು ಪಿಯರ್ ಎಂದು ಕರೆದದ್ದು ನಾಟಕಶಾಲೆಯ ಹಾಸ್ಯಗಾರರ ಕುಚೋದ್ಯ. ಆರ್ವೆಲ್ ಹುಡುಕಿಕೊಂಡು ಹೋಗುವಷ್ಟರಲ್ಲಿ ಅದನ್ನೂ ಕಿತ್ತುಹಾಕಿದ್ದರು. ಊರಿನ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಇಲ್ಲದ ಒಂದು ವಸ್ತುವಿನಿಂದ, ಇದ್ದ ಬಡತನದಿಂದ. ಆ ಊರಿನವರಿಗೆ ಈ ಪುಸ್ತಕದ ಬಗ್ಗೆ ಹೆಮ್ಮೆಯ ಜೊತೆಗೇ ಒಂದು ಸಿಟ್ಟೂ ಇರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಫುಟ್‌ಬಾಲ್ ಕೂಡ ಅಲ್ಲಿ ಎರಡನೇ ಆಟವೇ. ವಿಗನ್ ಮೊದಲಿನಿಂದ ರಗ್ಬಿ ಲೀಗ್‌ನ ಊರು. ಇದೇ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1932ರಲ್ಲಿ, ರಾಷ್ಟ್ರೀಯ ಲೀಗ್‌ನ ಒಳಗೆ ಸೇರಿಸಿಕೊಂಡದ್ದು 1978ರಲ್ಲಿ.

ಈ ಊರಿನ ಮೇಲೆ ನನಗಿರುವ ಪಕ್ಷಪಾತಕ್ಕೆ ಕಾರಣವಿದೆ. ನಾನು ಹುಟ್ಟಿ ಬೆಳೆದದ್ದೂ ಕಾರ್ಖಾನೆಯ ಊರಿನಲ್ಲಿ. ಮಲೆನಾಡಿನ ಅಂಚು, ಒಂದು ಹೊಳೆ, ಹೊಳೆಯ ದಂಡೆಗೆ ಕಾರ್ಖಾನೆ, ಅದರ ಸೈರನ್ನಿಗೆ ಏಳುವ ಮಲಗುವ ಕ್ವಾರ್ಟರ್ಸ್ ಸಾಲುಗಳು. ಅಪ್ಪ ಅಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಹಿಂದೆ ಒಂದು ಮೈದಾನವಿತ್ತು. ಅಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇಲಾಖೆ ಇಲಾಖೆಗಳ ನಡುವೆ ನಾಕೌಟ್ ಫುಟ್‌ಬಾಲ್ ನಡೆಯುತ್ತಿತ್ತಂತೆ. 1991ರಲ್ಲಿ ಅಪ್ಪನ ಇಲಾಖೆಯವರು ಕಪ್ ಗೆದ್ದರು. ಗೇಣುದ್ದದ, ಹಿತ್ತಾಳೆಗೆ ನಿಕಲ್ ಬಳಿದ ಕಪ್. ದೊಡ್ಡದನ್ನು ಕ್ಲಬ್ ಹೌಸಿನಲ್ಲಿಟ್ಟು ಆಟಗಾರರಿಗೆಲ್ಲ ಇಂಥದ್ದೊಂದು ಚಿಕ್ಕದನ್ನು ಕೊಟ್ಟಿದ್ದರು. ನನಗೆ ನೆನಪಿರುವಷ್ಟು ಕಾಲದಿಂದ ಅಮ್ಮ ಅದರೊಳಗೆ ಅಂಗಿಗುಂಡಿ, ಹುಕ್ಕು, ಸೇಫ್ಟಿ ಪಿನ್ನು ಹಾಕಿಡುತ್ತಾಳೆ.

ಹತ್ತನೇ ತರಗತಿ ಮುಗಿದ ಬೇಸಿಗೆ ರಜೆ ಅದು. ವಿಧಾನಸಭೆ ಚುನಾವಣೆಯ ಫಲಿತಾಂಶ ಮೇ 8ಕ್ಕೆ ಬಂದಿತ್ತು, ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಳ್ಳುವುದು ಮೇ 13ಕ್ಕೆ. ನಡುವಿನ ಐದು ದಿನ ನಮ್ಮ ಮನೆಯ ಟಿವಿಯಲ್ಲಿ ಯಾರು ಮಂತ್ರಿ, ಯಾರಿಗೆ ಯಾವ ಖಾತೆ ಎನ್ನುವುದರ ಹೊರತು ಬೇರೇನೂ ಇರಲಿಲ್ಲ. ಶನಿವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ ಪಂದ್ಯ. ಅಪ್ಪನಿಗೆ ಕ್ರಿಕೆಟ್ ಬೇಡ, ಫುಟ್‌ಬಾಲ್ ಎಂದರೆ ರಾಜಕೀಯವನ್ನೂ ಬಿಟ್ಟಾರು. ಚಾನೆಲ್ ಬದಲಾಯಿತು.

ಮ್ಯಾಂಚೆಸ್ಟರ್ ಸಿಟಿ ಹಿಂದಿನ ವರ್ಷದ ಲೀಗ್ ಚಾಂಪಿಯನ್. ಅಬುಧಾಬಿಯ ದುಡ್ಡು. ಅಂದು ಮೈದಾನಕ್ಕಿಳಿದವರಲ್ಲಿ ಅಗ್ವೆರೊ, ತೆವೆಸ್, ಡೇವಿಡ್ ಸಿಲ್ವ, ಯಾಯಾ ಟೂರೆ, ಕೊಂಪನಿ. ವಿಗನ್ ಅದಕ್ಕೆ ನಾಲ್ಕು ದಿನ ಮೊದಲು ಸ್ವಂತ ಊರಿನಲ್ಲಿ ಸ್ವಾನ್ಸಿ ಎದುರು 3-2ರಿಂದ ಸೋತು ಬಂದಿತ್ತು. ಗಾಯಾಳುಗಳ ಪಟ್ಟಿ ಉದ್ದವಿತ್ತು. ಆದರೂ ಫೈನಲ್‌ಗೆ ಬಂದ ದಾರಿ ಅದೃಷ್ಟದ್ದಲ್ಲ. ಐದನೇ ಸುತ್ತಿನಲ್ಲಿ ಹಡರ್ಸ್‌ಫೀಲ್ಡ್‌ಗೆ ನಾಲ್ಕು ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಎವರ್ಟನ್ ತಂಡದ ಅಂಗಳದಲ್ಲೇ, 30ನೇ ನಿಮಿಷದಿಂದ 33ರೊಳಗೆ ಮೂರು ಗೋಲು: ಫಿಗೆರೋವ, ಮೆಕ್‌ಮ್ಯಾನಮನ್, ಜೋರ್ಡಿ ಗೋಮೆಸ್. ಸೆಮಿಫೈನಲ್‌ನಲ್ಲಿ ಮಿಲ್‌ವಾಲ್ ಎದುರು 2-0. ಲೀಗಿನಲ್ಲಿ ಆ ಋತುವಿನಲ್ಲಿ 73 ಗೋಲು ಬಿಟ್ಟುಕೊಟ್ಟ ತಂಡ ಕಪ್‌ನಲ್ಲಿ ಫೈನಲ್ ಸೇರಿ ಏಳು ಪಂದ್ಯಗಳಿಂದ ಬಿಟ್ಟುಕೊಟ್ಟದ್ದು ಎರಡೇ ಗೋಲು. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದರೂ ಅದೇ ಹನ್ನೊಂದು ಜನ ಹೀಗೂ ಹಾಗೂ ಆಡಬಲ್ಲರು ಎನ್ನುವುದು ಪೂರ್ತಿ ಅರಗುವುದಿಲ್ಲ.

ತಂಡವನ್ನು ಮೈದಾನಕ್ಕೆ ಕರೆತಂದವನು ಮಾಲೀಕ ಡೇವ್ ವೀಲನ್, ಎಪ್ಪತ್ತಾರರ ಮುದುಕ. 1960ರ ಎಫ್‌ಎ ಕಪ್ ಫೈನಲ್‌ನಲ್ಲಿ ಇದೇ ವೆಂಬ್ಲಿಯಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡುತ್ತಿದ್ದಾಗ, ಮಧ್ಯಂತರಕ್ಕೆ ಸ್ವಲ್ಪ ಮೊದಲು ಅವನ ಕಾಲು ಮುರಿಯಿತು. ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಹತ್ತೇ ಜನ ಆಡಿ ಬ್ಲ್ಯಾಕ್‌ಬರ್ನ್ 3-0ಯಿಂದ ಸೋತಿತು. ವೀಲನ್ ಆಮೇಲೆ ಸಂತೆಯಲ್ಲಿ ಅಂಗಡಿ ಹಾಕಿ, ದಿನಸಿ ಮಳಿಗೆ, ಆಮೇಲೆ ಕ್ರೀಡಾ ಸಾಮಾನಿನ ಮಳಿಗೆಗಳ ಸರಪಳಿ ಕಟ್ಟಿ, 1995ರಲ್ಲಿ ನಾಲ್ಕನೇ ದರ್ಜೆಯಲ್ಲಿದ್ದ ವಿಗನ್ ಕ್ಲಬ್‌ನ್ನು ಕೊಂಡ. ಅದೇ ವರ್ಷ ಸ್ಪೇನಿನಿಂದ ಮೂವರು ಹುಡುಗರನ್ನು ಆಡಲು ಕರೆತಂದರು. ಅವರಲ್ಲಿ ಒಬ್ಬ ರೊಬೆರ್ತೊ ಮಾರ್ಟಿನೆಜ್. 2013ರಲ್ಲಿ ವೀಲನ್ ಪಕ್ಕದಲ್ಲಿ ತಂಡದ ಮ್ಯಾನೇಜರ್ ಆಗಿ ನಡೆದುಬಂದವನು ಅವನೇ.

ಪಂದ್ಯ ನೋಡಿದವರಿಗೆ ಗೊತ್ತು, ಅಂದು ಸಿಟಿಯನ್ನು ಬೆವರಿಳಿಸಿದವನು ಕ್ಯಾಲಮ್ ಮೆಕ್‌ಮ್ಯಾನಮನ್. ಇಪ್ಪತ್ತೆರಡರ ಹುಡುಗ, ಬಲಬದಿಯಲ್ಲಿ ಚೆಂಡು ಸಿಕ್ಕರೆ ಸಾಕು, ನುಗ್ಗುತ್ತಿದ್ದ. 84ನೇ ನಿಮಿಷದಲ್ಲಿ ಅವನನ್ನು ತಡೆಯಲು ಹೋಗಿಯೇ ಝಬಲೆಟಾ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದ. ಇದೇ ಮೆಕ್‌ಮ್ಯಾನಮನ್ ಎರಡು ತಿಂಗಳ ಹಿಂದೆ, ಮಾರ್ಚ್ 17ರಂದು, ನ್ಯೂಕ್ಯಾಸಲ್‌ನ ಮಾಸಾದಿಯೊ ಹೈದರಾನ ಮಂಡಿಯ ಮೇಲೆ ಬೂಟುಗಾಲಿಟ್ಟು ಎರಗಿದ್ದ. ಹೈದರಾನನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು. ರೆಫರಿ ಕಾರ್ಡ್ ತೋರಿಸಲಿಲ್ಲ, ಆಮೇಲೂ ಶಿಕ್ಷೆಯಾಗಲಿಲ್ಲ. ಅಧಿಕಾರಿಗಳಲ್ಲಿ ಒಬ್ಬರು ಅದನ್ನು ಕಂಡಿದ್ದರಂತೆ, ಆದ್ದರಿಂದ ನಿಯಮದ ಪ್ರಕಾರ ಮರುವಿಚಾರಣೆಗೆ ಅವಕಾಶವಿಲ್ಲವಂತೆ. ವಿಗನ್‌ನ ಕಥೆಯನ್ನು ದಾವೀದ-ಗೊಲಿಯಾತರ ಕಥೆಯಾಗಿ ಹೇಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ನನಗೆ ಹಾರಿಸಲು ಮನಸ್ಸಿಲ್ಲ. ಚಿಕ್ಕ ತಂಡ ಎಂದ ಮಾತ್ರಕ್ಕೆ ಸಾಧು ತಂಡವಾಗಬೇಕಿಲ್ಲ.

81ನೇ ನಿಮಿಷದಲ್ಲಿ ಜೋರ್ಡಿ ಗೋಮೆಸ್ ಬದಲಿಗೆ ಬೆನ್ ವಾಟ್ಸನ್ ಇಳಿದ. ಅವನ ಕಾಲು ಹಿಂದಿನ ನವೆಂಬರಿನಲ್ಲಿ ಲಿವರ್‌ಪೂಲ್ ಎದುರು ಆಡುವಾಗ ಮುರಿದಿತ್ತು, ಮತ್ತೆ ಮೈದಾನಕ್ಕೆ ಬಂದು ಹೆಚ್ಚು ದಿನಗಳಾಗಿರಲಿಲ್ಲ. 91ನೇ ನಿಮಿಷ. ಮಲೋನಿ ಕಾರ್ನರ್ ಒದ್ದ. ವಾಟ್ಸನ್ ಹತ್ತಿರದ ಕಂಬದ ಕಡೆ ಓಡಿ ತಲೆ ಕೊಟ್ಟ. ಚೆಂಡು ಜೋ ಹಾರ್ಟ್‌ನನ್ನು ದಾಟಿ ಬಲೆ ಸೇರಿತು. ಕಾಲು ಮುರಿದುಕೊಂಡ ಮಾಲೀಕ, ಕಾಲು ಮುರಿದುಕೊಂಡು ಎದ್ದುಬಂದ ಬದಲಿ ಆಟಗಾರ, ಕೊನೆಯ ನಿಮಿಷದ ಗೋಲು. ಯಾರಾದರೂ ಹೊಸ ಕಥೆಗಾರರು ಇದನ್ನು ಬರೆದು ಕಳಿಸಿದ್ದರೆ ಸಂಪಾದಕರು ನಯವಾಗಿ ವಾಪಸ್ ಕಳಿಸುತ್ತಿದ್ದರು.

ಕಪ್ಪನ್ನು ಎತ್ತಿದ್ದು ಇಬ್ಬರು. ಅಂದು ನಾಯಕನಾಗಿ ಆಡಿದ ಎಮರ್ಸನ್ ಬಾಯ್ಸ್, ಮತ್ತು ಗಾಯದಿಂದ ಆಡಲಾಗದೆ ಹೊರಗಿದ್ದ ಕ್ಲಬ್ ನಾಯಕ ಗ್ಯಾರಿ ಕಾಲ್ಡ್‌ವೆಲ್. ಅತ್ತ ಸೋಮವಾರ, ಲೀಗ್ ಗೆದ್ದು ಸರಿಯಾಗಿ ಒಂದು ವರ್ಷಕ್ಕೆ, ಸಿಟಿಯ ಮ್ಯಾನೇಜರ್ ಮಾಂಚಿನಿಯನ್ನು ಕೆಲಸದಿಂದ ತೆಗೆದರು. ಮಂಗಳವಾರ ಆರ್ಸೆನಲ್ ಪಂದ್ಯ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಕಳೆದ ಮೇಲೆ. ಕರೆಂಟೂ ಇರಲಿಲ್ಲ. ಬೆಳಿಗ್ಗೆ ಮೊಬೈಲಿನಲ್ಲಿ ನೋಡಿದಾಗ ತಿಳಿಯಿತು: ಅರ್ಧಕ್ಕೆ 1-1 ಇದ್ದದ್ದು, 63ನೇ ನಿಮಿಷದಿಂದ 71ರೊಳಗೆ ಮೂರು ಗೋಲು ಬಿದ್ದು 4-1. ವಿಗನ್ ಋತು ಮುಗಿಸಿದ್ದು 36 ಅಂಕದೊಂದಿಗೆ, ಹದಿನೆಂಟನೇ ಸ್ಥಾನದಲ್ಲಿ. ಕೆಳಗಿನ ಮೂವರು ಇಳಿಯಬೇಕು.

ಅಪ್ಪ ಬೆಳಗಿನ ಪಾಳಿಗೆ ಹೊರಟಿದ್ದರು. "ಅಪ್ಪಾ, ವಿಗನ್‌ನವ್ರು ಬಿದ್ದೋದ್ರು. ಮುಂದಿನ ವರ್ಷ ಕೆಳಗಿನ ಲೀಗಲ್ಲಿ ಆಡ್ಬೇಕು" ಅಂದೆ.

"ಕಪ್ ವಾಪಸ್ ಇಸ್ಕೊಂಡ್ರೇನೇ?"

"ಇಲ್ಲಪ್ಪ, ಅದ್ಯಾಕೆ ಇಸ್ಕೋತಾರೆ."

"ಮತ್ತೆ ಅಳೋ ಥರ ಮುಖ ಯಾಕೆ ಮಾಡ್ತೀಯ," ಎಂದು ಟಿಫಿನ್ ಕ್ಯಾರಿಯರ್ ತೆಗೆದುಕೊಂಡು ಹೋದರು.

ನಿಜ ಹೇಳಬೇಕೆಂದರೆ ವಾಪಸ್ ಇಸಿದುಕೊಳ್ಳುತ್ತಾರೆ. ಎಫ್‌ಎ ಕಪ್ ಗೆದ್ದವರ ಬಳಿ ಅದು ಇರುವುದು ಮುಂದಿನ ಫೈನಲ್‌ವರೆಗೆ ಮಾತ್ರ. ಆದರೆ ಫೈನಲ್ ನಡೆದ ದಿನವೇ, ಮೈದಾನದಲ್ಲೇ, ಗೆದ್ದವರ ಹೆಸರನ್ನು ಕಪ್‌ನ ಮೇಲೆ ಕೆತ್ತುತ್ತಾರೆ. ಅದನ್ನು ಯಾರೂ ಅಳಿಸುವುದಿಲ್ಲ. ಇದನ್ನು ಎಷ್ಟೋ ವರ್ಷದ ಮೇಲೆ ಓದಿ ಅಪ್ಪನಿಗೆ ಹೇಳಿದಾಗ ಅವರಿಗೆ ಆ ಬೆಳಗಿನ ಮಾತು ನೆನಪೇ ಇರಲಿಲ್ಲ.

ಆ ಮಾತು ನನಗೆ ಬೇಕಾದದ್ದು ಈಗ. ನಮ್ಮೂರಿನ ಕಾರ್ಖಾನೆ ಮುಚ್ಚಿತು. ಅಪ್ಪನ ಲೆಕ್ಕ ಚುಕ್ತಾ ಆಯಿತು, ಕ್ವಾರ್ಟರ್ಸ್ ಬಿಟ್ಟು ಊರಾಚೆಯ ಬಾಡಿಗೆ ಮನೆಗೆ ಬಂದೆವು. ಅಂದಿನಿಂದ ಆ ಊರಿನ ಬಗ್ಗೆ ಯಾರೇ ಮಾತಾಡಿದರೂ, ಪತ್ರಿಕೆಯವರು ಬರಲಿ, ನೆಂಟರು ಬರಲಿ, ಕೊನೆಯಿಂದ ಶುರುಮಾಡುತ್ತಾರೆ. ಮುಚ್ಚಿಹೋದ ಕಾರ್ಖಾನೆ, ಪಾಳುಬಿದ್ದ ಕ್ವಾರ್ಟರ್ಸ್, ವಲಸೆ ಹೋದ ಹುಡುಗರು. ಎಲ್ಲ ಸತ್ಯವೇ. ಆದರೆ ಹೀಗೆ ಕೊನೆಯಿಂದ ಹಿಂದಕ್ಕೆ ಓದುತ್ತ ಹೋದರೆ ಅಲ್ಲಿ ನಡೆದ ಮದುವೆ, ಗಣಪತಿ ಪೆಂಡಾಲು, ಸಂಬಳದ ದಿನದ ಮೈಸೂರ್ ಪಾಕು, 1991ರ ಆ ಪಂದ್ಯ, ಎಲ್ಲವೂ ಮುಚ್ಚುವುದಕ್ಕೆ ಮುಂಚಿನ ಪೀಠಿಕೆಯಾಗಿಬಿಡುತ್ತವೆ. ಅವು ನಡೆದ ದಿನ ಅವು ಯಾವುದರ ಪೀಠಿಕೆಯೂ ಆಗಿರಲಿಲ್ಲ. ವಿಗನ್ ಬಗ್ಗೆ ಬರೆಯುವವರೂ ಹಾಗೇ: ಮಂಗಳವಾರದಿಂದ ಶನಿವಾರವನ್ನು ಓದುತ್ತಾರೆ. ಕಪ್ ಗೆದ್ದರು, ಪಾಪ, ಏನು ಬಂತು?

ನನ್ನ ಪಿಎಚ್‌ಡಿ ವಿಷಯ ಕಾರ್ಖಾನೆ ಊರುಗಳ ಬಗ್ಗೆ ಕನ್ನಡದಲ್ಲಿ ಬಂದ ಕಥೆ, ಕಾದಂಬರಿ, ಆತ್ಮಕಥನಗಳು. ಐದನೇ ವರ್ಷ ಮುಗಿದಿದೆ, ಫೆಲೋಶಿಪ್ ನಿಂತಿದೆ. ಡಿಸೆಂಬರಿನೊಳಗೆ ಪ್ರಬಂಧ ಒಪ್ಪಿಸಬೇಕು. ಆಟದ ಮೈದಾನಗಳ ಬಗ್ಗೆ ಒಂದು ಅಧ್ಯಾಯ ಬರೆದಿದ್ದೇನೆ. ಸಾಹಿತ್ಯ ಕೃತಿಗಳಲ್ಲಿ ಈ ಮೈದಾನಗಳು ಬರುವುದೇ ಕಡಿಮೆ, ಬಂದರೂ ಹಿನ್ನೆಲೆಯಲ್ಲಿ. ಹಾಗಾಗಿ ಜನರನ್ನು ಕೇಳಿ ಬರೆದುಕೊಂಡದ್ದನ್ನೂ ಸೇರಿಸಿದ್ದೇನೆ. ನಮ್ಮ ಗೈಡ್ ಮೇಡಂಗೆ ಸಂದೇಹ. "ಚೆನ್ನಾಗಿದೆ, ಆದರೆ ಇದು ಹೇಗೆ ನಿಮ್ಮ ವಾದಕ್ಕೆ ಕೂಡುತ್ತೆ? ಅವನತಿಯ ಕಥನ ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಇಲ್ಲಿ ನೋಡಿದ್ರೆ ಎಲ್ಲರೂ ಕಪ್ ಗೆಲ್ತಾ ಇದ್ದಾರೆ" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಶೀರ್ಷಿಕೆ ಬದಲಿಸಲು ವಿಶ್ವವಿದ್ಯಾಲಯದ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳು ಬೇಕು. ಅಧ್ಯಾಯ ತೆಗೆದರೆ ಕೆಲಸ ಸಲೀಸು. ನಾನು ತೆಗೆದಿಲ್ಲ.

ಹಾಗೆಂದು ಕಪ್‌ನ್ನು ತೀರಾ ಎತ್ತರದಲ್ಲಿ ಕೂರಿಸಲೂ ನನಗೆ ಇಷ್ಟವಿಲ್ಲ. ಲೀಗ್ ಸುಳ್ಳು, ಕಪ್ ಸತ್ಯ ಎನ್ನುವ ಮಾತು ಕೇಳಲು ಚೆನ್ನ, ಅಷ್ಟೆ. ಮೂವತ್ತೆಂಟು ಪಂದ್ಯಗಳಲ್ಲಿ ಒಂಬತ್ತನ್ನಷ್ಟೇ ಗೆದ್ದ ತಂಡ ಅದು. ಮೂವತ್ತೆಂಟು ಪಂದ್ಯ ಸುಳ್ಳು ಹೇಳುವುದಿಲ್ಲ. ಎಫ್‌ಎ ಕಪ್ ಗೆದ್ದದ್ದಕ್ಕೆ ಫೈನಲ್‌ನ ಬಹುಮಾನವೆಂದು ಸಿಕ್ಕಿದ್ದು 18 ಲಕ್ಷ ಪೌಂಡ್. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನದಲ್ಲಿ ಉಳಿದಿದ್ದರೂ ಟಿವಿ ಹಣದ ಪಾಲು ಅದರ ಹಲವು ಪಟ್ಟು. ಕೆಳಗೆ ಬೀಳುವುದೆಂದರೆ ಆಟಗಾರರ ಮಾರಾಟ, ಕಚೇರಿಯಲ್ಲಿ, ಅಡುಗೆಮನೆಯಲ್ಲಿ, ಟಿಕೆಟ್ ಕಿಟಕಿಯಲ್ಲಿ ದುಡಿಯುವವರಿಗೆ ಆತಂಕ. ಮಾರ್ಟಿನೆಜ್ ಜೂನ್ ತಿಂಗಳಿನಲ್ಲೇ ಹೊರಟ, ಅದೂ ಎಲ್ಲಿಗೆ, ಮಾರ್ಚಿನಲ್ಲಿ ತಾನು ಮೂರು ಗೋಲು ಹೊಡೆಸಿದ ಎವರ್ಟನ್‌ಗೆ. ಮತ್ತೆ, ಆ ಎಂಟು ವರ್ಷ ವಿಗನ್ ಮೇಲೆ ಉಳಿದದ್ದೂ ಕೂಡ ಬರಿಯ ಛಲದಿಂದಲ್ಲ, ಒಬ್ಬ ಶ್ರೀಮಂತನ ಜೇಬಿನಿಂದ. ದೊಡ್ಡ ದುಡ್ಡಿನ ಎದುರು ಸಣ್ಣ ದುಡ್ಡು ಗೆದ್ದ ದಿನ ಅದು. ದುಡ್ಡೇ ಇಲ್ಲದವರು ಗೆಲ್ಲುವ ದಿನ ಆ ಆಟದಲ್ಲಿ ಯಾವತ್ತೋ ಕಳೆದುಹೋಗಿದೆ.

ಆದರೂ ಆ ಗೆಲುವು ಮುಂದಕ್ಕೂ ಒಂದಷ್ಟು ದೂರ ನಡೆಯಿತು. ಕಪ್ ಗೆದ್ದವರಿಗೆ ಸಿಗುವ ಅರ್ಹತೆಯಿಂದ ವಿಗನ್ ಎರಡನೇ ದರ್ಜೆಯಲ್ಲಿದ್ದುಕೊಂಡೇ ಯೂರೋಪಾ ಲೀಗ್ ಆಡಿತು. ಬೆಲ್ಜಿಯಂಗೆ, ರಷ್ಯಾಕ್ಕೆ, ಸ್ಲೊವೇನಿಯಾಕ್ಕೆ ಹೋಗಿಬಂತು. 2014ರ ಮಾರ್ಚ್ 9ರಂದು ಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಮ್ಯಾಂಚೆಸ್ಟರ್ ಸಿಟಿ ಎದುರಾಯಿತು, ಈ ಸಲ ಅವರ ಅಂಗಳದಲ್ಲಿ. ವಿಗನ್ 2-1ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ಆರ್ಸೆನಲ್ ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು. 2018ರ ಫೆಬ್ರುವರಿಯಲ್ಲಿ, ಆಗ ಮೂರನೇ ದರ್ಜೆಗಿಳಿದಿದ್ದ ವಿಗನ್ ಐದನೇ ಸುತ್ತಿನಲ್ಲಿ ಇನ್ನೊಮ್ಮೆ ಸಿಟಿಯನ್ನು 1-0ಯಿಂದ ಮನೆಗೆ ಕಳಿಸಿತು. ಐದು ವರ್ಷದಲ್ಲಿ ಮೂರು ಸಲ. ಮೊದಲನೆಯದು ಆಕಸ್ಮಿಕ ಎಂದಿದ್ದವರು ಮೂರನೆಯದಕ್ಕೆ ಏನೂ ಹೇಳಲಿಲ್ಲ. 2020ರ ಜುಲೈನಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂತು. ಹನ್ನೆರಡು ಅಂಕ ಕಡಿತ, ಮತ್ತೊಂದು ಹಿಂಬಡ್ತಿ. ಉಳಿಸಿಕೊಳ್ಳಲು ಊರವರೇ ಹಣ ಕೂಡಿಸಲು ನಿಂತರು. ರಗ್ಬಿಯ ಊರಿನವರು, ಎರಡನೇ ಆಟಕ್ಕಾಗಿ.

ಈಗ ಕೆಲವು ವರ್ಷಗಳಿಂದ ವಿಗನ್ ಮೂರನೇ ದರ್ಜೆಯಲ್ಲಿದೆ. ಆದ್ದರಿಂದ ಕಪ್‌ಗೆ ಜನವರಿಯಲ್ಲಲ್ಲ, ನವೆಂಬರಿನಲ್ಲೇ, ಮೊದಲ ಸುತ್ತಿನಲ್ಲೇ ಇಳಿಯಬೇಕು. 2013ರ ನಂತರ ಎಫ್‌ಎ ಕಪ್ ಬಹುಪಾಲು ದೊಡ್ಡವರ ಮನೆಯಲ್ಲೇ ಸುತ್ತಿತು: ಆರ್ಸೆನಲ್, ಚೆಲ್ಸಿ, ಎರಡೂ ಮ್ಯಾಂಚೆಸ್ಟರ್‌ಗಳು, ಲಿವರ್‌ಪೂಲ್. ನಡುವೆ 2021ರಲ್ಲಿ ಲೆಸ್ಟರ್, 2025ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಮೊದಲ ಬಾರಿಗೆ ಹೆಸರು ಕೆತ್ತಿಸಿದವು. ಪ್ಯಾಲೆಸ್ ಸೋಲಿಸಿದ್ದೂ ಮ್ಯಾಂಚೆಸ್ಟರ್ ಸಿಟಿಯನ್ನೇ, ಅದೂ 1-0ಯಿಂದಲೇ. ಆ ರಾತ್ರಿ ನಾನು ವಿಗನ್‌ನವರನ್ನು ನೆನೆದುಕೊಂಡೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಅಧ್ಯಾಯಕ್ಕೆ ಬೇಕೆಂದು ಕಳೆದ ತಿಂಗಳು ಅಪ್ಪನನ್ನು 1991ರ ತಂಡದ ಹೆಸರುಗಳನ್ನು ಕೇಳಿದೆ. ಕಾರ್ಖಾನೆಯ ಕ್ಲಬ್ ಹೌಸಿನ ದಾಖಲೆಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ, ದೊಡ್ಡ ಕಪ್ ಕೂಡ. ಅಪ್ಪ ಒಂದೇ ಉಸಿರಿಗೆ ಎಂಟು ಜನರನ್ನು ಹೇಳಿದರು, ಯಾರು ಯಾವ ಜಾಗದಲ್ಲಿ ಆಡಿದರು, ಯಾರು ಬರಿಗಾಲಲ್ಲಿ ಆಡಿದರು ಎನ್ನುವುದರ ಸಮೇತ. ಒಂಬತ್ತನೆಯವರ ಹೆಸರಿಗೆ ಸ್ವಲ್ಪ ತಡವರಿಸಿದರು. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಫೋನು. ಏನಾಯಿತೋ ಎಂದು ಗಾಬರಿಯಲ್ಲಿ ಎತ್ತಿದರೆ, ಹತ್ತನೆಯವರ ಹೆಸರು ನೆನಪಾಗಿದೆ, ಬರ್ಕೋ ಎಂದರು. ಬರೆದುಕೊಂಡೆ. ಇನ್ನೊಬ್ಬರು ಬಾಕಿ. ಗೋಲ್‌ಕೀಪರ್. ಅವರು ಆ ವರ್ಷ ಮಾತ್ರ ಬೇರೆ ಇಲಾಖೆಯಿಂದ ಎರವಲಾಗಿ ಬಂದವರಂತೆ, ಆಮೇಲೆ ಭದ್ರಾವತಿ ಕಡೆಗೋ ಹರಿಹರದ ಕಡೆಗೋ ಹೋದರಂತೆ. ಅವರನ್ನು ಬಲ್ಲ ಒಬ್ಬರು ಈಗ ತರೀಕೆರೆಯಲ್ಲಿದ್ದಾರೆ ಎಂದು ಯಾರೋ ಹೇಳಿದ್ದಾರಂತೆ. ಈ ಭಾನುವಾರ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಪಟ್ಟಿಯನ್ನು ಟೈಪ್ ಮಾಡಬೇಡ ಎಂದಿದ್ದಾರೆ.